ಚುಕ್ಕಿಯಿಲ್ಲದ ಚೌಕ

ಮಳೆಯನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಆಗಲಿಲ್ಲ. ಆಚೆ ತಳ್ಳುವುದು ಮಾತ್ರ ಆಯಿತು. ಅಷ್ಟಕ್ಕೇ ಮನುಷ್ಯ ಪ್ರಕೃತಿಯನ್ನು ಗೆದ್ದೆನೆಂದು ಕೊರಳಿಗೆ ಹಾರ ಹಾಕಿಸಿಕೊಂಡ.

ಗೆದ್ದ ಬಗೆ ಬಹಳ ಸರಳ. ಬಿಸಿಯಾದ ಕಡೆ ಗಾಳಿ ಮೇಲೇಳುತ್ತದೆ; ಗಾಳಿ ಮೇಲೆದ್ದ ಕಡೆಗೆ ಸುತ್ತಲ ಮೋಡಗಳು ಓಡಿಬರುತ್ತವೆ. ಹಾಗಾಗಿ ಕರಾವಳಿಯ ಎದುರಿನ ಸಮುದ್ರವನ್ನು ನಕ್ಷೆಯ ಮೇಲೆ ನಲವತ್ತೆಂಟು ಚೌಕಗಳಾಗಿ ಹಂಚಿ, ಆಕಾಶದಲ್ಲೊಂದು ಉಪಗ್ರಹ ನಿಲ್ಲಿಸಿ, ಬೇಕಾದ ಚೌಕದ ನೀರಿನ ಮೇಲ್ಪದರವನ್ನು ಇಪ್ಪತ್ತು ನಿಮಿಷ ಕಾಯಿಸುವ ಏರ್ಪಾಡಾಯಿತು. ನಗರದ ಕಡೆಗೆ ಹೊರಟ ಮೋಡಗಳೆಲ್ಲ ದಾರಿ ತಪ್ಪಿ ಆ ಚೌಕದ ಮೇಲೆ ಬಂದು ಸೇರುತ್ತಿದ್ದವು. ನೂರು ಮೈಲಿ ಉದ್ದಕ್ಕೆ ಆರು ಗಂಟೆ ಸುರಿಯಬೇಕಾಗಿದ್ದ ಮಳೆ ನಾಲ್ಕು ಮೈಲಿ ಅಗಲದ ಒಂದೇ ಚೌಕದಲ್ಲಿ ನಲವತ್ತು ನಿಮಿಷಕ್ಕೆ ಸುರಿದು ಮುಗಿಯುತ್ತಿತ್ತು. ಆ ನಲವತ್ತು ನಿಮಿಷ ಅಲ್ಲಿ ಏನಾಗುತ್ತಿತ್ತು ಎಂದು ನೋಡಿ ಬಂದು ಹೇಳಿದವರು ಯಾರೂ ಇಲ್ಲ. ಏಕೆಂದರೆ ಖಾಲಿ ಚೌಕದಲ್ಲಿ ಮಾತ್ರ ಮಳೆ ಕೆಡವಬೇಕು ಎಂದು ಕಾನೂನಿತ್ತು.

ಗದ್ದೆಗೆ, ಅಣೆಕಟ್ಟಿಗೆ ರಾತ್ರಿ ಪಾಳಿಯಲ್ಲಿ ಬೇಕಾದಷ್ಟು ಮಳೆ ಬಿಡುತ್ತಿದ್ದರು. ಹಗಲಿನ ಮಳೆಯೆಲ್ಲ ಕಡಲಿಗೆ. ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲೂ ನಗರದವರು ಕೊಡೆಯಿಲ್ಲದೆ ತಿರುಗಾಡಿದರು. ಬಟ್ಟೆ ಟೆರೇಸಿನ ಮೇಲೆ ಒಣಗಿತು. ಮೀನುಗಾರರಿಗೂ ಲಾಭವೇ ಆಯಿತು ಅನ್ನಿ. ಒಂದು ಚೌಕ ಬಿಟ್ಟರೆ ಉಳಿದ ಕಡಲೆಲ್ಲ ಮಳೆಗಾಲದಲ್ಲೂ ಶಾಂತವಾಗಿರುತ್ತಿತ್ತು. ಹಿಂದೆ ಜೂನ್‌ನಲ್ಲಿ ಹೊಳೆಬಾಯಿಯ ಅಳಿವೆ ದಾಟಲು ಹೆದರುತ್ತಿದ್ದ ನಾಡದೋಣಿಗಳು ಈಗ ಹತ್ತು ಹದಿನೈದು ಮೈಲಿ ಹೋಗಿಬರುತ್ತಿದ್ದವು.

ಈ ಕೆಲಸ ನಡೆಯುತ್ತಿದ್ದ ಕಟ್ಟಡದ ಹೆಸರು ಮಳೆ ಹಂಚಿಕೆ ಕೇಂದ್ರ. ಜನ ಅದನ್ನು ಮಳೆ ಆಫೀಸು ಎಂದರು. ಪಡುವಳಿವೆ ಬಂದರಿನ ಹಿಂದಿನ ಗುಡ್ಡದ ಮೇಲಿತ್ತು. ಹಗಲು ಪಾಳಿಯಲ್ಲಿ ಪರದೆಯ ಮುಂದೆ ಕೂತು, ಯಾವ ಚೌಕಕ್ಕೆ ಕೆಡವಬೇಕೆಂದು ಆರಿಸಿ ಗುಂಡಿ ಒತ್ತುತ್ತಿದ್ದವಳು ವಿಶಾಲಾಕ್ಷಿ. ಅದೇ ಊರಿನ ಸೊಸೆ. ಗಂಡ ದಾಮೋದರ ಮೊಗವೀರ, ಒಂದು ನಾಡದೋಣಿಯ ಒಡೆಯ. ಒಬ್ಬನೇ ಕಡಲಿಗೆ ಹೋಗಿ ಗಾಳ ಹಾಕುವವನು.

ಚೌಕ ಖಾಲಿಯೋ ಅಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಪ್ರತಿ ದೋಣಿಗೂ ಗುರುತಿನ ಪೆಟ್ಟಿಗೆಯೊಂದನ್ನು ಕೂರಿಸಿದ್ದರು. ಅಂಗೈ ಅಗಲದ್ದು. ದೋಣಿ ಎಲ್ಲಿದೆಯೋ ಅಲ್ಲಿ ಮಳೆ ಆಫೀಸಿನ ಪರದೆಯ ಮೇಲೆ ಒಂದು ಹಸಿರು ಚುಕ್ಕಿ ಮಿನುಗುತ್ತಿತ್ತು. ಚುಕ್ಕಿ ಇದ್ದ ಚೌಕಕ್ಕೆ ಮಳೆ ಇಲ್ಲ. ಯಂತ್ರವೇ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಯೋಚಿಸಿದ ವಿಜ್ಞಾನಿಗಳು ಒಂದನ್ನು ಮರೆತರು. ಅವರಲ್ಲಿ ಒಬ್ಬನೂ ಮೀನು ಹಿಡಿದವನಲ್ಲ. ಒಂದು ದೋಣಿ ಇನ್ನೊಂದಕ್ಕೆ ಡಿಕ್ಕಿ ಹೊಡೆಯಬಾರದು ಎಂಬ ಒಳ್ಳೆಯ ಬುದ್ಧಿಯಿಂದ, ಆ ಚುಕ್ಕಿ ಉಳಿದ ದೋಣಿಗಳ ಪರದೆಯಲ್ಲೂ ಕಾಣುವಂತೆ ಮಾಡಿದ್ದರು. ಮೀನು ಸಿಗುವ ಜಾಗವನ್ನು ಒಡಹುಟ್ಟಿದವನಿಗೂ ಹೇಳದ ಜನ ಮೀನುಗಾರರು. ಪೆಟ್ಟಿಗೆ ಬಂದ ವಾರಕ್ಕೇ ಅದಕ್ಕೆ ಚಾಡಿಪೆಟ್ಟಿಗೆ ಎಂದು ಹೆಸರಿಟ್ಟರು. ತಿಂಗಳೊಳಗೆ ಮದ್ದನ್ನೂ ಕಂಡುಹಿಡಿದರು. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲಲು ಒಂದು ಅಲ್ಯೂಮಿನಿಯಂ ತಪಲೆ ಇರುತ್ತದಲ್ಲ, ಅದನ್ನು ಪೆಟ್ಟಿಗೆಯ ಮೇಲೆ ಬೋರಲು ಹಾಕಿದರೆ ಮುಗಿಯಿತು. ಚುಕ್ಕಿ ಮಾಯ.

ವಿಶಾಲಾಕ್ಷಿಗೆ ಇದು ಮೊದಲು ಗೊತ್ತಾದದ್ದು ಗಂಡನ ದೋಣಿಯಲ್ಲೇ.

"ನಿಮ್ ಚುಕ್ಕಿ ಕಾಣ್ದಿರೆ ನೀವ್ ಅಲ್ಲಿಪ್ದ್ ಹ್ಯಾಂಗ್ ಗೊತ್ತಾಪ್ದ್? ಖಾಲಿ ಅಂದೇಳಿ ಒತ್ತಿಬಿಟ್ರೆ?" ಎಂದು ಕೇಳಿದಳು.

"ತಪಲೆ ತೆಗ್ದ್ರೆ ಅರ್ಧ ಗಂಟೆಯಲ್ ಊರೇ ಬಂದ್ ಕಲ್ಲಿನ್ ಮೇಲೆ ಕೂಕಂತ್ತ್," ಎಂದ ದಾಮೋದರ. "ಅಜ್ಜಯ್ಯ ಜೀಂವ ತೇದ್ ಹುಡ್ಕಿದ್ ಕಲ್ ಅದ್. ಮತ್ತೆ, ಒತ್ತೂದ್ ನೀನೇ ಅಲ್ದಾ? ನೀ ಒತ್ತೂದಿಲ್ಲೆ." ಹೇಳಿ ನಕ್ಕುಬಿಟ್ಟ.

ಆ ಕಲ್ಲು ನೀರೊಳಗಿನ ಬಂಡೆ. ದಡದ ಗುಡ್ಡದ ತುದಿಯೂ ದೀಪಸ್ತಂಭವೂ ಒಂದೇ ಸಾಲಿಗೆ ಬಂದಾಗ ಎಡಕ್ಕೆ ತಿರುಗಿ ಇಷ್ಟು ಹೊತ್ತು ಹುಟ್ಟು ಹಾಕಬೇಕು ಎಂಬ ಲೆಕ್ಕದಲ್ಲಿ ಅಜ್ಜ ಅದನ್ನು ಕಂಡುಹಿಡಿದು, ಸಾಯುವಾಗ ಮೊಮ್ಮಗನ ಕಿವಿಯಲ್ಲಿ ಮಾತ್ರ ಹೇಳಿ ಹೋಗಿದ್ದ. ಅಲ್ಲಿ ಮುರು ಮೀನು ಮೊಳಕಾಲುದ್ದ ಸಿಗುತ್ತಿತ್ತು. ಮಳೆ ಆಫೀಸಿನ ನಕ್ಷೆಯಲ್ಲಿ ಅದು ಇಪ್ಪತ್ತೇಳನೇ ಚೌಕ.

ವಿಶಾಲಾಕ್ಷಿ ಏನು ಮಾಡಬೇಕಿತ್ತು? ಗಂಡನ ಮೇಲೆ ದೂರು ಬರೆಯಬೇಕಿತ್ತೆ? ಅವಳು ಹೆಂಡತಿ ಮಾಡುವ ಕೆಲಸ ಮಾಡಿದಳು. ಯಂತ್ರದಲ್ಲಿ ಪ್ರತಿ ಚೌಕದ ಮುಂದೆ ಟಿಪ್ಪಣಿ ಬರೆಯಲು ಒಂದು ಜಾಗವಿತ್ತು. ಇಪ್ಪತ್ತೇಳರ ಮುಂದೆ, 'ತಳದಲ್ಲಿ ಬಂಡೆಯಿದೆ, ನೀರು ಸಮನಾಗಿ ಕಾಯುವುದಿಲ್ಲ, ಬಳಸಬಾರದು' ಎಂದು ಬರೆದಳು. ಬಂಡೆಯಿದ್ದದ್ದು ನಿಜ. ಕಾಯುವುದಿಲ್ಲ ಎಂದದ್ದು ಹಸಿ ಸುಳ್ಳು. ಯಾರೂ ಪರೀಕ್ಷಿಸಲಿಲ್ಲ. ಎರಡು ಮಳೆಗಾಲ ಉಳಿದ ನಲವತ್ತೇಳು ಚೌಕಗಳು ಸರದಿಯಂತೆ ನರಕ ಕಂಡವು. ಇಪ್ಪತ್ತೇಳರ ಮೇಲೆ ಒಂದು ಹನಿ ಬೀಳಲಿಲ್ಲ. ದಾಮೋದರ ತಪಲೆಯ ಪಕ್ಕದಲ್ಲಿ ಕೂತು ನೆಮ್ಮದಿಯಾಗಿ ಗಾಳ ಹಾಕಿದ.

ಆದರೆ ಮಳೆ ಆಫೀಸಿಗೆ ಇನ್ನೊಂದು ನಿಯಮವಿತ್ತು. ಅಂದಂದು ಯಾವ ಚೌಕಕ್ಕೆ ಕೆಡವಿದರೆಂದು ಸಂಜೆ ಬಂದರಿನ ಕಪ್ಪು ಹಲಗೆಯ ಮೇಲೆ ಬರೆಯಬೇಕು. ವಿಶಾಲಾಕ್ಷಿ ಮನೆಗೆ ಹೋಗುವ ದಾರಿಯಲ್ಲಿ ತಾನೇ ಸೀಮೆಸುಣ್ಣ ಹಿಡಿದು ಬರೆಯುತ್ತಿದ್ದಳು. ಹನ್ನೆರಡು. ನಲವತ್ತು. ಆರು. ಎಲ್ಲರೂ ಓದಿ ಮರೆತರು. ಸಂಜೀವ ಎಂಬವನೊಬ್ಬ ಮಾತ್ರ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡ. ಅವನೂ ನಾಡದೋಣಿಯವನೇ, ದಾಮೋದರನಿಗೆ ದೂರದ ತಮ್ಮನಾಗಬೇಕು. ಬರೆದದ್ದನ್ನು ಓದುವುದು ಎಲ್ಲರಿಗೂ ಬರುತ್ತದೆ. ಬರೆಯದೇ ಬಿಟ್ಟದ್ದನ್ನು ಓದಿದವನು ಅವನು. ಎರಡು ವರ್ಷದಲ್ಲಿ ಇಪ್ಪತ್ತೇಳು ಎಂಬ ಅಂಕಿ ಒಂದು ಸಲವೂ ಹಲಗೆಗೆ ಬಂದಿರಲಿಲ್ಲ. ಬರೆಯುವವಳ ಗಂಡ ದಿನಾ ಮುರು ಮೀನು ತರುತ್ತಿದ್ದ. ಸಂಜೀವ ತಪಲೆ ಬೋರಲು ಹಾಕಿ ಇಪ್ಪತ್ತೇಳರ ಕಡೆ ಹೊರಟ. ಅವನು ಬಾಯಿ ಬಿಡದಿದ್ದರೂ ಅವನ ಮೀನು ನೋಡಿದವರು ಸುಮ್ಮನಿರುತ್ತಾರೆಯೆ? ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಎಲ್ಲರೂ ತಪಲೆ ಹಾಕಿಕೊಂಡೇ.

ಅಂದು ದಾಮೋದರ ಹೊತ್ತಿಗೆ ಮುಂಚೆ ಮನೆಗೆ ಬಂದ. ಬುಟ್ಟಿ ಖಾಲಿಯಿತ್ತು.

"ಹನ್ನೊಂದ್ ದೋಣಿ. ನನ್ ಅಜ್ಜಯ್ಯನ್ ಕಲ್ಲಿನ್ ಮೇಲೆ ಹನ್ನೊಂದ್ ದೋಣಿ. ಯಾರಿಗ್ ಹೇಳ್ದೆ ನೀನು?"

"ದೇವ್ರಾಣೆಗೂ ಯಾರಿಗೂ ಹೇಳಲಿಲ್ಲೆ."

"ಹಂಗಾರೆ ಸಂಜೀವ ಎಂತಕ್ ನಗಾಡ್ದ? 'ನಿನ್ ಹೆಂಡ್ತಿಯೇ ಹಲಗೆ ಮೇಲ್ ಬರ್ದಿದ್ಲಲೆ ಮಾರಾಯ' ಅಂದ."

ಆಗ ವಿಶಾಲಾಕ್ಷಿಗೆ ಹೊಳೆಯಿತು. ಟಿಪ್ಪಣಿಯ ಕಥೆಯನ್ನೆಲ್ಲ ಹೇಳಿಬಿಟ್ಟಳು. ಹೇಳಿದರೆ ಗಂಡ ಮೆಚ್ಚಿಕೊಂಡಾನು ಎಂಬ ಸಣ್ಣ ಆಸೆಯೂ ಇತ್ತು. "ನಿಮ್ಮನ್ ಉಳ್ಸುಕೆ ಮಾಡ್ದದ್ದ್," ಎಂದಳು.

"ಉಳ್ಸುಕಾ?" ದಾಮೋದರ ಅವಳ ಮುಖ ನೋಡಲಿಲ್ಲ. "ಕಲ್ಲನ್ನೇ ಕಳ್ದೆ ನೀನು."

ಮೂರು ದಿನ ಮಾತಿಲ್ಲ. ಬಡಿಸಿದರೆ ಉಂಡ, ಚಾಪೆ ಹಾಸಿದರೆ ಮಲಗಿದ. ನಾಲ್ಕನೇ ದಿನ ಶನಿವಾರ, ಬೆಳಿಗ್ಗೆ ಅವನು ತಪಲೆ, ಗಾಳ, ಗಂಜಿಯ ಬುತ್ತಿ ಎತ್ತಿಕೊಂಡು ಅಂಗಳಕ್ಕಿಳಿದಾಗ ಎಲ್ಲಿಗೆ ಎಂದು ಕೇಳಲು ಅವಳು ಬಾಯಿ ತೆರೆದಳು. ಜಗಲಿಯಲ್ಲಿ ಕೂತಿದ್ದ ಅತ್ತೆ ಮುತ್ತಕ್ಕ ಕಣ್ಣಲ್ಲೇ ಗದರಿದಳು.

"ಕಡ್ಲಿಗೆ ಹೋಪೋರನ್ನ ಎಲ್ಲಿಗೆ ಅಂದೇಳಿ ಕೇಂಬುಕಾಗ."

ಅದು ಆ ಮನೆಯ ರೀತಿ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಂಬಿಕೆ. ವಿಶಾಲಾಕ್ಷಿ ಕೇಳಲಿಲ್ಲ. ಎಲ್ಲಿಗೆ ಹೋದಾನು, ಸಿಟ್ಟು ಎಷ್ಟಿದ್ದರೂ ಅಜ್ಜಯ್ಯನ ಕಲ್ಲು ಬಿಟ್ಟು ಅವನಿಗೆ ಬೇರೆ ಜಾಗವಿಲ್ಲ ಎಂದುಕೊಂಡು ಗುಡ್ಡ ಹತ್ತಿದಳು.

ಆ ದಿನ ನಗರದ ಕಡಲ ತೀರದಲ್ಲಿ ಮೀನೂಟದ ಮೇಳ. ನೂರಾರು ಮಳಿಗೆ, ಸಾವಿರಾರು ಜನ, ಬಯಲಲ್ಲೇ ಒಲೆ. ಹತ್ತು ಗಂಟೆಯ ಹೊತ್ತಿಗೆ ಪಶ್ಚಿಮದಲ್ಲಿ ಮೋಡದ ದೊಡ್ಡ ಸಾಲೊಂದು ಎದ್ದಿತು. ಮಳೆ ಆಫೀಸಿನ ಮುಖ್ಯಸ್ಥರು ಚಿದಾನಂದ ಹಿರೇಮಠ, ಧಾರವಾಡದ ಕಡೆಯವರು. ಕೆಟ್ಟವರಲ್ಲ. ಅವರು ಬಂದು ವಿಶಾಲಾಕ್ಷಿಯ ಕುರ್ಚಿಯ ಹಿಂದೆ ನಿಂತರು.

"ಎಲ್ಲಿ ಕೆಡವೂಣ್ರಿ?"

ಪರದೆಯ ಮೇಲೆ ಹತ್ತಿರದ ಚೌಕಗಳಲ್ಲೆಲ್ಲ ಚುಕ್ಕಿಗಳಿದ್ದವು; ಇಲ್ಲವೇ ಹಿಂದಿನ ವಾರ ಕೆಡವಿದ್ದರಿಂದ ಅವಿನ್ನೂ ತಣಿಯಬೇಕಿತ್ತು. ಖಾಲಿ ಉಳಿದದ್ದು ಎರಡೇ. ಇಪ್ಪತ್ತೇಳು ಮತ್ತು ಮೂವತ್ತಮೂರು. ಇಪ್ಪತ್ತೇಳರಲ್ಲಿ ಹನ್ನೊಂದು ದೋಣಿಗಳು ತಪಲೆಯ ಕೆಳಗೆ ಅಡಗಿವೆಯೆಂದು, ದಾಮೋದರನದು ಸೇರಿ ಹನ್ನೆರಡೆಂದು ಅವಳ ಲೆಕ್ಕ. ಮೂವತ್ತಮೂರು ಬರೀ ಮರಳಿನ ತಳ. ಅಲ್ಲಿ ಮೀನಿಲ್ಲ, ಯಾವ ದೋಣಿಯೂ ಆ ಕಡೆ ತಲೆ ಹಾಕುವುದಿಲ್ಲ.

"ಮೂವತ್ಮೂರು ಸಾರ್," ಎಂದು ಒತ್ತಿದಳು. ಇಪ್ಪತ್ತೇಳನ್ನು ಇನ್ನೊಮ್ಮೆ ಉಳಿಸಿದೆನೆಂಬ ಸಮಾಧಾನದಿಂದಲೇ ಒತ್ತಿದಳು. ನೀರು ಕಾಯತೊಡಗಿತು. ಹತ್ತು ನಿಮಿಷ ದಾಟಿದರೆ ಮತ್ತೆ ನಿಲ್ಲಿಸಲಾಗದು. ನೀರಿಗೆ ಹೋದ ಬಿಸಿಯನ್ನು ಯಾವ ಗುಂಡಿಯೂ ವಾಪಸು ತರುವುದಿಲ್ಲ. ಹತ್ತು ದಾಟಿತು. ಚಹಾ ಬಂತು. ಮೋಡದ ಸಾಲು ನಗರದ ದಾರಿ ಬಿಟ್ಟು ಎಡಕ್ಕೆ ಹೊರಳಿತು. ಇಪ್ಪತ್ತಕ್ಕೆ ಸರಿಯಾಗಿ ಮೂವತ್ತಮೂರನೇ ಚೌಕ ಪರದೆಯ ಮೇಲೆ ಕಪ್ಪಾಯಿತು.

ಇಪ್ಪತ್ತನಾಲ್ಕನೇ ನಿಮಿಷಕ್ಕೆ ಆ ಕಪ್ಪಿನ ನಡುವೆ ಒಂದು ಹಸಿರು ಚುಕ್ಕಿ ಹತ್ತಿತು.

ಹಿರೇಮಠರು ಕನ್ನಡಕ ಸರಿಪಡಿಸಿಕೊಂಡರು. "ಇದೇನ್ರಿ? ಈಗ ಯಾರು ಒಳಗ ಹೊಕ್ಕರು?"

ವಿಶಾಲಾಕ್ಷಿ ಚುಕ್ಕಿಯ ಪಕ್ಕದ ಸಂಖ್ಯೆ ಓದಿದಳು. ಓದುವ ಅಗತ್ಯವಿರಲಿಲ್ಲ. ಒಳಗೆ ಯಾರೂ ಹೊಕ್ಕಿರಲಿಲ್ಲ. ಅವನು ಬೆಳಗ್ಗಿನಿಂದ ಅಲ್ಲೇ ಇದ್ದ. ದೋಣಿಗೆ ನೀರು ನುಗ್ಗಿದೆ. ಮೊಗೆದು ಚೆಲ್ಲಲು ಅವನು ತಪಲೆ ಎತ್ತಿದ್ದಾನೆ. ಅವಳ ಬೆರಳಿನಿಂದ ಸುರಿದ ನೀರನ್ನು ಅವನು ತಪಲೆಯಲ್ಲಿ ಮೊಗೆಯುತ್ತಿದ್ದಾನೆ.

"ನಿಲ್ಸಿ ಸಾರ್!" ಎಂದು ಕಿರುಚಿದಳು. ನಿಲ್ಲಿಸಲು ಏನೂ ಇರಲಿಲ್ಲ. ಚೌಕ ಆರಿಸಿದವಳಿಗೇ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ದೋಣಿಗಳಿಗೆ ಮಾತು ಮುಟ್ಟಿಸುವ ವೈರ್‌ಲೆಸ್ ಹಿಡಿದು ಅವನ ಹೆಸರು ಕೂಗಿದಳು. ಜನ್ಮದಲ್ಲಿ ಗಂಡನ ಹೆಸರು ಹಿಡಿದು ಕೂಗಿದವಳಲ್ಲ. ಆ ಕಡೆಯಿಂದ ಗರಗರ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ಚುಕ್ಕಿ ಹನ್ನೊಂದು ನಿಮಿಷ ಇತ್ತು. ದಾಮೋದರ ಗಟ್ಟಿಮುಟ್ಟಾದ ಆಳು. ಹನ್ನೊಂದು ನಿಮಿಷ ನೀರು ಮೊಗೆದ. ಆಮೇಲೆ ಚುಕ್ಕಿ ಆರಿತು.

ಮೀನೂಟದ ಮೇಳ ಚೆನ್ನಾಗಿ ನಡೆಯಿತಂತೆ. ಬಿಸಿಲು ಜೋರಾಯಿತೆಂದು ಕೆಲವರು ಗೊಣಗಿದರಂತೆ.

ವಿಶಾಲಾಕ್ಷಿ ಬಂದರಿಗೆ ಓಡಿದಾಗ ಇಪ್ಪತ್ತೇಳರ ಹನ್ನೊಂದು ದೋಣಿಗಳು ಆಗಷ್ಟೇ ದಡಕ್ಕೆ ಬಂದಿದ್ದವು. ಯಾರಿಗೂ ಸುದ್ದಿ ತಿಳಿದಿರಲಿಲ್ಲ. ಅವಳನ್ನು ಕಂಡೊಡನೆ ಸಂಜೀವ ದೊಡ್ಡದೊಂದು ಮುರು ಮೀನನ್ನು ಕಿವಿರಿಗೆ ಬೆರಳು ಹಾಕಿ ಎತ್ತಿ ಹಿಡಿದ. "ಕಾಣಿ ಅತ್ಗಿ, ನಿಮ್ ಹೆಸ್ರಲ್ ತೆಗ್ದಿಟ್ಟದ್ದ್. ನೀವ್ ಇಪ್ ತನ್ಕ ಇಪ್ಪತ್ತೇಳಕ್ಕೆ ಎಂತ ಆಪ್ದಿಲ್ಲೆ."

"ಅವ್ರ್ ಎಲ್ಲಿ?" ಎಂದಳು ವಿಶಾಲಾಕ್ಷಿ.

"ದಾಮಣ್ಣನಾ? ಅವ್ರ್ ನಾಲ್ಕ್ ದಿನದಿಂದ ಕಲ್ಲಿನ್ ಬದಿಗೇ ಬರಲಿಲ್ಲೆ ಅತ್ಗಿ."

ದೋಣಿಯ ಹಲಗೆಗಳು ಆ ಸಂಜೆಯೇ ಸಿಕ್ಕವು. ದಾಮೋದರ ಮೂರನೇ ದಿನ ದಡಕ್ಕೆ ಬಂದ. ಮುತ್ತಕ್ಕ ಅತ್ತು ಸುಸ್ತಾದ ಮೇಲೆ, ಮಗ ಕೊನೆಯ ದಿನ ತನಗೆ ಹೇಳಿದ್ದನ್ನು ಸೊಸೆಗೆ ಹೇಳಿದಳು. ಅಜ್ಜ ಇನ್ನೊಂದು ಕಲ್ಲಿನ ಮಾತು ಆಡುತ್ತಿದ್ದನಂತೆ, ಮೊದಲನೆಯದಕ್ಕಿಂತ ಸಣ್ಣದು, ಮರಳಿನ ನಡುವೆ. ಅದನ್ನು ಹುಡುಕಲು ಹೋಗುತ್ತೇನೆ ಎಂದಿದ್ದನಂತೆ.

"ನಂಗೆಂತಕ್ ಹೇಳಲಿಲ್ಲೆ ಅತ್ತೆ?"

"ಅವ್ನೇ ಬೇಡ ಅಂದ." ಮುತ್ತಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅವ್ಳಿಗ್ ಹೇಳ್ಬೇಡ ಅಬ್ಬೀ, ಗೊತ್ತಾರೆ ಅದನ್ನೂ ಉಳ್ಸುಕೆ ಹೊರಡ್ತ್ಲ್ ಅಂದ."

ಈ ಮಾತಿನ ಮೇಲೆ ವಿಶಾಲಾಕ್ಷಿ ಅಳಲಿಲ್ಲ. ಅಳುವುದಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ.

ಹದಿನಾರನೇ ದಿನ ಹಿರೇಮಠರು ವರದಿ ಹಿಡಿದುಕೊಂಡು ಮನೆಗೇ ಬಂದರು. ಯಂತ್ರ ತಾನಾಗಿ ಬರೆದ ವರದಿ ಅದು. ಕಾಯಿಸಲು ತೊಡಗಿದಾಗ ಚೌಕದಲ್ಲಿ ಚುಕ್ಕಿಯಿಲ್ಲ. ಇಪ್ಪತ್ತನಾಲ್ಕನೇ ನಿಮಿಷಕ್ಕೆ ಒಂದು ಚುಕ್ಕಿ. ಆದ್ದರಿಂದ ದೋಣಿಯು ಮಳೆ ಬೀಳಲು ತೊಡಗಿದ ಮೇಲೆ ನಿಷೇಧಿತ ಚೌಕಕ್ಕೆ ತಾನಾಗಿ ನುಗ್ಗಿದೆ. ತಪ್ಪು ದೋಣಿಯವನದು. ಕೆಳಗೆ ಪಾಳಿಯಲ್ಲಿದ್ದವರ ಸಹಿಗೆ ಜಾಗ.

"ನುಗ್ಗಲಿಲ್ಲ ಸಾರ್. ಅಲ್ಲೇ ಇದ್ರು," ಎಂದು ವಿಶಾಲಾಕ್ಷಿ ಎಲ್ಲವನ್ನೂ ಹೇಳಿದಳು. ತಪಲೆಯ ಕಥೆ, ಟಿಪ್ಪಣಿಯ ಸುಳ್ಳು, ಹನ್ನೊಂದು ದೋಣಿ, ಯಾವುದನ್ನೂ ಮುಚ್ಚಿಡಲಿಲ್ಲ.

ಹಿರೇಮಠರು ವರದಿಯನ್ನು ಮಡಿಲಲ್ಲಿಟ್ಟು ಕನ್ನಡಕ ತೆಗೆದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನೋಡ್ರಿ ವಿಶಾಲಾಕ್ಷಿಯವರ, ನೀವು ಹೇಳಿದ್ದು ನನ್ನ ಹೊಟ್ಟ್ಯಾಗೇ ಇರತದ. ಇದು ಹೊರಗ ಬಂದ್ರ ನಿಮ್ಮನ್ನ ಜೈಲಿಗೆ ಕಳಿಸ್ತಾರ. ಮುದುಕಿಗೆ ಯಾರದಾರ? ಸುಮ್ಮ ಸಹಿ ಮಾಡ್ರಿ. ಆ ಸುಳ್ಳು ಟಿಪ್ಪಣಿ ನಾನೇ ಅಳಸ್ತೀನಿ. ಯಾರಿಗೂ ಗೊತ್ತಾಗೂದಿಲ್ಲ."

ಜಗಲಿಯಲ್ಲಿ ಮುತ್ತಕ್ಕ ಕೆಮ್ಮಿದಳು. ವಿಶಾಲಾಕ್ಷಿ ಸಹಿ ಮಾಡಿದಳು. ಗಂಡ ತಾನಾಗಿ ಸಾವಿಗೆ ನುಗ್ಗಿದನೆಂದು ಹೆಂಡತಿಯ ಕೈಯಲ್ಲೇ ಬರೆಸಿಕೊಂಡು ಆ ಸಜ್ಜನರು ಕೈಮುಗಿದು ಹೋದರು.

ಅವರು ಅಳಿಸಿದ್ದು ಏನೆಂಬುದು ಅವಳಿಗೆ ಹೊಳೆದದ್ದು ಸಂಜೆ, ಒಲೆಯ ಮುಂದೆ ಕೂತಿದ್ದಾಗ. ಟಿಪ್ಪಣಿ ಹೋದರೆ ಇಪ್ಪತ್ತೇಳೂ ಉಳಿದ ಚೌಕಗಳಂತೆ ಒಂದು ಖಾಲಿ ಚೌಕ. ಒಲೆ ಹಾಗೇ ಬಿಟ್ಟು ಬಂದರಿಗೆ ಓಡಿದಳು. ಸಂಜೀವ ಬಲೆ ಕೊಡವುತ್ತಿದ್ದ. ಸುತ್ತ ಉಳಿದವರೂ ಇದ್ದರು.

"ನಾಳೆಯಿಂದ ಇಪ್ಪತ್ತೇಳಕ್ಕೆ ಹೋಪುಕಾಗ. ಅದಕ್ಕಿನ್ ರಕ್ಷೆ ಇಲ್ಲೆ. ಹೋದ್ರೂ ತಪಲೆ ಹಾಕ್ಬೇಡಿ, ನಿಮ್ ಕಾಲಿಗ್ ಬೀಳ್ತೆ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಸಂಜೀವ ಬಲೆ ಕೆಳಗಿಟ್ಟ. "ದಾಮಣ್ಣ ಹೋದ ದುಃಖ ನಮ್ಗೂ ಇತ್ತ್ ಅತ್ಗಿ. ಹಾಂಗಂದೇಳಿ ನಮ್ಮನ್ ಕಲ್ಲಿಂದ ಏಳ್ಸುಕೆ ಸುಳ್ ಹೇಳುಕಾಗ. ಎರ್ಡ್ ವರ್ಷ ಬೀಳ್ದಿದ್ ಮಳೆ ನಾಳೆ ಹ್ಯಾಂಗ್ ಬೀಳತ್ತ್?"

"ಅಜ್ಜನ್ ಕಲ್ ಅಲ್ದಾ, ಹೊಟ್ಟೆ ಉರಿ," ಎಂದು ಹಿಂದಿನಿಂದ ಯಾರೋ ಅಂದರು.

ಮಾರನೆಯ ದಿನವೇ ವಿಶಾಲಾಕ್ಷಿ ಕೆಲಸಕ್ಕೆ ಹೋದಳು. ಕುರ್ಚಿಯಲ್ಲಿ ತಾನಿದ್ದರೆ ಇಪ್ಪತ್ತೇಳನ್ನು ಬಿಟ್ಟು ಬೇರೆ ಆರಿಸಬಹುದು ಎಂಬುದೊಂದೇ ಅವಳ ಯೋಚನೆ. ಹತ್ತು ದಿನ ಹಾಗೇ ಆಯಿತು. ಹನ್ನೊಂದನೇ ದಿನ ಮಧ್ಯಾಹ್ನ ಮೋಡ ಎದ್ದಾಗ ಪರದೆಯ ಮೇಲೆ ಒಂದೇ ಒಂದು ಚೌಕ ಖಾಲಿಯಿತ್ತು.

"ಇಪ್ಪತ್ತೇಳು ಒತ್ರಿ," ಎಂದರು ಹಿರೇಮಠರು.

"ಹನ್ನೊಂದು ದೋಣಿ ಇದಾವೆ ಸಾರ್ ಅಲ್ಲಿ. ನಿಮಗೂ ಹೇಳಿದ್ದೆನಲ್ಲ."

"ಇವತ್ತೂ ಅದಾವಂತ ಹೆಂಗ ಹೇಳ್ತೀರಿ? ನೋಡೀರೇನು? ಪಕ್ಕದ ಚೌಕದಾಗ ಒಂದು ದೋಣಿ ಕಾಣಸ್ತದ. ಕಾಣೂ ದೋಣಿ ಮ್ಯಾಲೆ ಕೆಡವಿದ್ರ ಅದು ಕೊಲೆ ಆಗತದ. ಇಪ್ಪತ್ತೇಳು ಖಾಲಿ ಅಂತ ಪರದೆ ಹೇಳಾಕತ್ತದ."

"ಹಾಗಾದ್ರೆ ಎಲ್ಲೂ ಕೆಡವೋದು ಬೇಡ. 
ನಗರದ ಮೇಲೇ ಬೀಳಲಿ ಸಾರ್. ಆರು ಗಂಟೆ ಮಳೆ ತಾನೇ? ನೆನೀತಾರೆ. ನೆನೆದರೆ ಯಾರೂ ಸಾಯಲ್ಲ. ಇವತ್ತು ಏನಿದೆ ಅಲ್ಲಿ?"

ಹಿರೇಮಠರು ಕಾಗದ ನೋಡಿದರು. "ಏನೂ ಇಲ್ಲ. ಆದ್ರ ಹಗಲು ನಗರ ಒಣಗಿರಬೇಕಂತ ಕರಾರ ಅದರೀ." ಅವಳು ಕೈ ಚಾಚಲಿಲ್ಲ. ಅವರು ನಿಟ್ಟುಸಿರಿಟ್ಟು, ಅವಳ ಹೆಗಲಿನ ಮೇಲಿಂದ ಬಗ್ಗಿ ತಾವೇ ಒತ್ತಿದರು. ಒತ್ತಿದ್ದನ್ನು ನಿಲ್ಲಿಸುವ ಕೀಲಿ ಮುಖ್ಯಸ್ಥರ ಬಳಿ ಮಾತ್ರ ಇತ್ತು.

ವಿಶಾಲಾಕ್ಷಿ ವೈರ್‌ಲೆಸ್ ಕಿತ್ತುಕೊಂಡಳು. "ಸಂಜೀವಾ! ಇಪ್ಪತ್ತೇಳಕ್ಕೆ ಒತ್ತಿಯಾಯ್ತ್! ತಪಲೆ ತೆಗೀರಿ, ಎಲ್ರೂ ತೆಗೀರಿ! ಹತ್ ನಿಮಿಷದೊಳ್ಗೆ ಚುಕ್ಕಿ ಕಂಡ್ರೆ ಯಂತ್ರ ತಾನೇ ನಿಲ್ಲತ್ತ್!"

"ಮೋಡ ದಿನಾ ತಲೆ ಮೇಲೆ ಹಾದ್ ಹೋತ್ತ್ ಅತ್ಗಿ," ಎಂದಿತು ಸಂಜೀವನ ದನಿ, ಬೇಸರದಿಂದ. "ಆ ಆಟ ಬೇಡ."

ಐದು ನಿಮಿಷ. ಏಳು. ಅವಳು ಒಬ್ಬೊಬ್ಬರದೇ ಹೆಸರು ಹಿಡಿದು ಕೂಗಿದಳು, ಅವರವರ ಮಕ್ಕಳ ಹೆಸರು ಹೇಳಿ ಕೂಗಿದಳು. ಇಬ್ಬರು ಮೂವರಿಗೆ ಅನುಮಾನ ಬಂದಿರಬೇಕು. ನೀ ತೆಗಿ, ನೀ ತೆಗಿ ಎಂದು ಅವರವರೇ ಮಾತಾಡಿಕೊಳ್ಳುವುದು ಕೇಳಿಸಿತು. ಮೊದಲು ತೆಗೆದವನ ಚುಕ್ಕಿ ಊರಿಗೆಲ್ಲ ಕಾಣುತ್ತದೆ. ಕಲ್ಲು ತೋರಿಸಿಕೊಟ್ಟವನೆಂಬ ಹೆಸರು ಯಾರಿಗೂ ಬೇಡವಾಗಿತ್ತು. ಎಂಟು. ಒಂಬತ್ತು. ಹತ್ತು ದಾಟಿತು.

ಅವಳು ಆಗಲೂ ನಿಲ್ಲಿಸಲಿಲ್ಲ. "ಓಡಿ, ಓಡಿ," ಎಂದು ಕೂಗಿದಳು. ಹದಿನೆಂಟನೇ ನಿಮಿಷಕ್ಕೆ ಸಂಜೀವನ ದನಿ ಬೇರೆ ಥರ ಬಂತು. "ಅತ್ಗೀ," ಎಂದ. ಮುಂದಿನದು ಗರಗರ ಸದ್ದಿನಲ್ಲಿ ಮುಳುಗಿತು. ಇಪ್ಪತ್ತೇಳನೇ ಚೌಕ ಪರದೆಯ ಮೇಲೆ ಕಪ್ಪಾಯಿತು.

ಇಪ್ಪತ್ತಮೂರನೇ ನಿಮಿಷಕ್ಕೆ ಒಂದು ಹಸಿರು ಚುಕ್ಕಿ ಹತ್ತಿತು. ಅದರ ಹಿಂದೆಯೇ ಇನ್ನೆರಡು.

ಹಿರೇಮಠರ ಮುಖ ಅರಳಿತು. ಅವರು ಎಂದೂ ದೋಣಿ ಹತ್ತಿದವರಲ್ಲ. "ನೋಡ್ರಿ, ನೋಡ್ರಿ! ನಿಮ್ಮ ಮಾತು ಕೇಳಿದ್ರು. ತಪಲಿ ತಗದ್ರು ನೋಡ್ರಿ!"

ವಿಶಾಲಾಕ್ಷಿ ವೈರ್‌ಲೆಸ್ಸನ್ನು ಮೇಜಿನ ಮೇಲಿಟ್ಟು ಎಣಿಸತೊಡಗಿದಳು. ನಾಲ್ಕು. ಐದು. ಏಳು. ಹನ್ನೊಂದನೆಯದು ಹತ್ತುವ ಹೊತ್ತಿಗೆ ಮೊದಲನೆಯದು ಆರಿತ್ತು.